ಔಷಧಿ ಹೊಡೆಯುವ ಮೊದಲು ಭೂತಗನ್ನಡಿ ಹಿಡಿಯೋಣ

ಮೆಣಸಿನಗಿಡದ ಎಲೆ ಮುದುಡಿದ ಕೂಡಲೇ ನಾವು ಏನು ಮಾಡುತ್ತೇವೆ? ಒಂದು ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ಗೊಬ್ಬರದ ಅಂಗಡಿಗೆ ಹೋಗುತ್ತೇವೆ. ಅವರು ಕೊಟ್ಟ ಬಾಟಲಿ ತಂದು ಹೊಡೆಯುತ್ತೇವೆ. ಎಲೆಯ ಹಿಂದೆ ಕೂತ ಕಳ್ಳ ಯಾರು ಅಂತ ನೋಡಿದವರು ನಮ್ಮಲ್ಲಿ ಎಷ್ಟು ಜನ?

ಸಾಮಾನ್ಯವಾಗಿ ಕಳ್ಳರು ಇಬ್ಬರು: ಥ್ರಿಪ್ಸ್ ಮತ್ತು ಮೈಟ್. ಎರಡನ್ನೂ ನುಸಿ ಅಂತಲೇ ಕರೆಯುತ್ತೇವೆ. ಆದರೆ ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಎಂಟು ಕಾಲಿನದು, ಜೇಡ ಮತ್ತು ಉಣ್ಣೆಯ ನೆಂಟ. ಥ್ರಿಪ್ಸ್ ಬಂದರೆ ಎಲೆ ಮೇಲಕ್ಕೆ ಮುದುಡುತ್ತದೆ, ಮೈಟ್ ಬಂದರೆ ಕೆಳಕ್ಕೆ. ಎರಡೂ ಸೇರಿಕೊಂಡರೆ ಎಲೆ ನೋಡಿ ಹೇಳುವುದು ಕಷ್ಟ. ಒಂದರ ಔಷಧಿ ಇನ್ನೊಂದಕ್ಕೆ ನಾಟುತ್ತದೆ ಎನ್ನುವಂತಿಲ್ಲ. ಇಮಿಡಾಕ್ಲೋಪ್ರಿಡ್ ಹೊಡೆದರೆ ಮೈಟ್ ಹೋಗುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ.

ಹಾಗಾದರೆ ನೋಡುವುದು ಹೇಗೆ? ಥ್ರಿಪ್ಸ್ ಸುಮಾರು 1 ಮಿ.ಮೀ. ಉದ್ದ, ಮೆಣಸಿನಗಿಡದ ಹಳದಿ ಮೈಟ್ ಸುಮಾರು 0.2 ಮಿ.ಮೀ. ಮಾತ್ರ. ಸಣ್ಣದು ದೊಡ್ಡದಾಗಿ ಕಾಣಬೇಕಾದರೆ ಕಣ್ಣಿನ ಹತ್ತಿರ ತರಬೇಕು. ನಿಮ್ಮ ಬೆರಳನ್ನೇ ಹತ್ತಿರ ತಂದು ನೋಡಿ. ದೊಡ್ಡದಾಗುತ್ತದೆ, ಆದರೆ ಮಸುಕಾಗುತ್ತದೆ. ಸುಮಾರು 25 ಸೆಂ.ಮೀ.ಗಿಂತ ಹತ್ತಿರವಿದ್ದದ್ದನ್ನು ನಮ್ಮ ಕಣ್ಣು ಸಲೀಸಾಗಿ ನೋಡಲಾರದು.

ಭೂತಗನ್ನಡಿಯ ಗಾಜು ನಡುವೆ ದಪ್ಪ, ಅಂಚಿನಲ್ಲಿ ತೆಳು. ಹತ್ತಿರದ ಎಲೆಯಿಂದ ಹರಡಿಕೊಂಡು ಬರುವ ಬೆಳಕನ್ನು ಅದು ಒಳಕ್ಕೆ ಬಾಗಿಸುತ್ತದೆ. ಆಗ ಎಲೆ ಇನ್ನೂ ದೂರದಲ್ಲಿದೆ ಎಂಬಂತೆ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ, ಹತ್ತಿರ ಬಂದದ್ದರಿಂದ ದೊಡ್ಡದಾಗಿಯೂ ಕಾಣುತ್ತದೆ. 10 ಪಟ್ಟಿನ ಗಾಜಾದರೆ ಎಲೆಯನ್ನು 2.5 ಸೆಂ.ಮೀ.ವರೆಗೆ ತರಬಹುದು. 25ನ್ನು 2.5ರಿಂದ ಭಾಗಿಸಿದರೆ 10, ಲೆಕ್ಕ ಅಷ್ಟೇ.

ಹಿಡಿಯುವ ರೀತಿಯೂ ಸುಲಭ. ಗಾಜನ್ನು ಕಣ್ಣಿಗೆ ಹತ್ತಿರ ಹಿಡಿಯಿರಿ. ಎಳೆ ಎಲೆಯ ತಳಭಾಗವನ್ನು ಬೆಳಕಿಗೆ ತಿರುಗಿಸಿ, ಸ್ಪಷ್ಟವಾಗುವವರೆಗೆ ಹತ್ತಿರ ತನ್ನಿ. ಕಡ್ಡಿಯಂತೆ ಉದ್ದಕ್ಕಿದ್ದು ಓಡಾಡಿದರೆ ಥ್ರಿಪ್ಸ್. ಹೊಳೆಯುವ ಚುಕ್ಕೆಯಂತಿದ್ದರೆ ಮೈಟ್. ಗಾಜಿನ ಮೂಲಕ ಸೂರ್ಯನನ್ನು ಮಾತ್ರ ನೋಡಬೇಡಿ.

ಫೋನಿನಲ್ಲಿ ಜೂಮ್ ಮಾಡಿದರೆ ಸಾಲದೇ? ಬೆರಳಲ್ಲಿ ಎಳೆದರೆ ಬಹಳ ಸಲ ಫೋಟೋ ಹಿಗ್ಗುತ್ತದೆ, ಹೊಸದೇನೂ ಕಾಣುವುದಿಲ್ಲ. ಕ್ಯಾಮೆರಾ ಮುಂದೆ ಭೂತಗನ್ನಡಿ ಹಿಡಿದು ಫೋಟೋ ತೆಗೆಯಿರಿ, ಕೃಷಿ ಅಧಿಕಾರಿಗೆ ಕಳಿಸಿ ಕೇಳಿ.

ಇದಕ್ಕೆ ದೊಡ್ಡ ಓದು ಬೇಕಿಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೀವೆನ್‌ಹುಕ್ ಬಟ್ಟೆ ವ್ಯಾಪಾರಿ. ತಾನೇ ಉಜ್ಜಿ ಮಾಡಿದ ಪುಟ್ಟ ಗಾಜುಗಳಿಂದ ನೀರಿನೊಳಗಿನ ಸೂಕ್ಷ್ಮಜೀವಿಗಳನ್ನು ಕಂಡು, 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ.

ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಪಂಚಾಯಿತಿ ಗ್ರಂಥಾಲಯದಲ್ಲಿ ಒಂದೊಂದು ಭೂತಗನ್ನಡಿ ಕೈಗೆ ಸಿಗುವಂತಿರಲಿ ಎಂಬುದು ನಮ್ಮ ಒತ್ತಾಯ. ಮುಂದಿನ ಗ್ರಾಮಸಭೆಯಲ್ಲಿ ನೀವೂ ಕೇಳಿ. ಅಲ್ಲಿಯವರೆಗೆ ನಾಲ್ಕು ಮನೆಯವರು ಸೇರಿ ಒಂದು ಕೊಳ್ಳೋಣ.