ಗೋಬಿಯ ಬಣ್ಣ ಕಂಡಿತು, ಹಿಂಡಿಯ ಬೂಷ್ಟು ಕಾಣಲಿಲ್ಲ!

2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಯ ಕೃತಕ ಬಣ್ಣ ನಿಷೇಧಿಸಿದ್ದು ನೆನಪಿದೆಯಲ್ಲ? 171 ಮಾದರಿ ಪರೀಕ್ಷಿಸಿದಾಗ 107 ಅಸುರಕ್ಷಿತ ಅಂತ ಗೊತ್ತಾಯ್ತು. ಒಳ್ಳೇದೇ ಆಯ್ತು. ನನ್ನ ತಕರಾರು ಬೇರೆ. ಗೋಬಿಯ ಕೆಂಪು ಕಣ್ಣಿಗೆ ಹೊಡೆಯುತ್ತೆ. ಕಾಣದ ವಿಷದ ಕಥೆ ಏನು ಸ್ವಾಮೀ?

ನಮ್ಮ ದಾವಣಗೆರೆ ಸೀಮೆಯನ್ನೇ ನೋಡಿ. ಕುಕ್ಕುವಾಡದ ಕಡೆ ಭದ್ರಾ ನಾಲೆ ನೀರು, ಭತ್ತ, ಕಬ್ಬು. ನಾಲೆ ಇಲ್ಲದ ಕಡೆ ಮೆಕ್ಕೆಜೋಳ. ಅದರಲ್ಲಿ ಬಹುಪಾಲು ಕೋಳಿ-ದನಗಳ ಆಹಾರಕ್ಕೆ. ಕಟಾವಿನ ಹೊತ್ತಿಗೆ ಮಳೆ ಬಂತೋ, ರಸ್ತೆ ಮೇಲೆ ಹರಡಿದ ಕಾಳು ಒಣಗಲ್ಲ, ಬೂಷ್ಟು ಹಿಡಿಯುತ್ತೆ. ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್. ಶೇಂಗಾ ಹಿಂಡಿಯಲ್ಲೂ ಇದೇ ಕಾಟ. ಹಸು ತಿಂದದ್ದು ಹಾಲಿಗೆ ಇಳಿಯುತ್ತೆ, ಕುದಿಸಿದರೂ ಹೋಗಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತ್‌ನಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು.

2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿತು. ಯೂರಿಯಾ, ಡಿಟರ್ಜೆಂಟ್ ಥರದ ಕಲಬೆರಕೆಯಿಂದ ಅಸುರಕ್ಷಿತವಾದದ್ದು ಬರೀ 12. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368! ನಾವು ಮಾತ್ರ ಹಾಲಿನವನನ್ನೇ ಬೈಯ್ತಾ ಕೂತಿದ್ದೀವಿ.

ತಮಾಷೆ ಏನು ಗೊತ್ತಾ? 2006ರ ಆಹಾರ ಸುರಕ್ಷತಾ ಕಾಯ್ದೆ 'ಆಹಾರ' ಅನ್ನೋ ಪದದ ವ್ಯಾಖ್ಯೆಯಿಂದಲೇ ಪಶು ಆಹಾರವನ್ನ ಹೊರಗಿಟ್ಟಿದೆ. ಹಾಲು ಆಹಾರ, ಆ ಹಾಲಾಗುವ ಹಿಂಡಿ ಆಹಾರ ಅಲ್ಲ! ಇನ್ನು ಪರೀಕ್ಷೆಯ ವರದಿ ಕೊಡೋಕೆ ಅದೇ ಕಾಯ್ದೆಯಲ್ಲಿ 14 ದಿನ ಅವಕಾಶ. ಅಷ್ಟೊತ್ತಿಗೆ ಹಾಲು ಕುಡಿದು, ಮೊಸರು ಹೆಪ್ಪು ಹಾಕಿ, ತುಪ್ಪ ಕಾಸಿ ಆಗಿರುತ್ತೆ. ಸಾಫ್ಟ್‌ವೇರ್ ಗ್ರಾಹಕನ ಕೈ ಸೇರಿದ ಮೇಲೆ ಟೆಸ್ಟ್ ಮಾಡ್ತೀವಿ ಅಂದ್ರೆ ನಮ್ಮ ಮ್ಯಾನೇಜರ್ ಸುಮ್ನಿರ್ತಾನಾ?

'ಪರೀಕ್ಷೆ ಅಂದ್ರೆ ರೈತನಿಗೆ ಇನ್ನೊಂದು ಕಿರುಕುಳ' ಅನ್ನೋರಿದ್ದಾರೆ. ಭಯ ಸುಳ್ಳಲ್ಲ. ಮಂಡಿಯಲ್ಲಿ ತೇವಾಂಶ ಅನ್ನೋ ಮಾತು ಬರೋದೇ ರೇಟು ಇಳಿಸೋಕೆ. ಅದಕ್ಕೇ ಹೇಳ್ತಿರೋದು: ಪರೀಕ್ಷೆ ಸರ್ಕಾರದ್ದಾಗಿರಲಿ, ಪುಕ್ಕಟೆಯಾಗಿರಲಿ, ಜೊತೆಗೆ ಒಣಗಿಸೋಕೆ ಕಣ, ಡ್ರೈಯರ್ ಕೊಡಲಿ. ಜಿಲ್ಲೆಯ ಪ್ರಯೋಗಾಲಯದಲ್ಲಿ ಒಂದೇ ಸೂರಿನಡಿ ಹಾಲೂ ಹಿಂಡಿಯೂ ಪರೀಕ್ಷೆಯಾಗಲಿ. ಫಲಿತಾಂಶ ಫೈಲಿನಲ್ಲಿ ಕೊಳೆಯದೆ ಊರಿನ ಡೈರಿ ಬೋರ್ಡಿನ ಮೇಲೆ ಬರಲಿ.

ಶಾಲೆ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯ ಕೊಟ್ಟ ರಾಜ್ಯ ನಮ್ಮದು. ಆ ಲೋಟದೊಳಗೆ ಏನಿದೆ ಅಂತ ಹಸುವಿನ ಬಾನಿಯಿಂದಲೇ ನೋಡಿಕೊಂಡು ಬರೋದು ಅತಿಯಾಸೆಯಾ? ನೀವೇನಂತೀರಿ?