ಬಾಗಿಲಾಚೆ ಯಾರಿದ್ದಾರೆಂದು ಆ್ಯಪ್ ಕೇಳುವುದಿಲ್ಲ

ಮೊಬೈಲಿನಲ್ಲೇ ಊಟ ತರಿಸಿಕೊಳ್ಳಬಹುದಾದ ಈ ಕಾಲದಲ್ಲಿ ಸ್ವಯಂಸೇವಕರು ವೃದ್ಧರ ಮನೆಗೆ ಊಟ ತಲುಪಿಸುವ ಅಮೆರಿಕದ 'ಮೀಲ್ಸ್ ಆನ್ ವೀಲ್ಸ್' ಯಾಕೆ ಬೇಕು, ಆ ದುಡ್ಡನ್ನು ವೃದ್ಧರ ಖಾತೆಗೇ ಹಾಕಿಬಿಡಿ ಎಂದು ಕಳೆದ ಸಂಚಿಕೆಯ ಲೇಖಕರು ವಾದಿಸಿದ್ದಾರೆ. ಅವರ ಲೆಕ್ಕದಲ್ಲಿ ಊಟವಿದೆ, ಉಣ್ಣುವ ಮನುಷ್ಯರೇ ಇಲ್ಲ.

ಆ ದೇಶದಲ್ಲಿ ಈ ಕೆಲಸ 1954ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಯಿತು. 1978ರಿಂದ ಮನೆಗೆ ತಲುಪಿಸುವ ಊಟಕ್ಕೆ ಹಿರಿಯರ ಕಾಯ್ದೆಯಡಿ ಪ್ರತ್ಯೇಕ ಸರ್ಕಾರಿ ಅನುದಾನವೂ ಇದೆ. ಆ ಅನುದಾನದ ಒಂದೊಂದು ಊಟದಲ್ಲೂ ದಿನಕ್ಕೆ ಬೇಕಾದ ಪೋಷಕಾಂಶದ ಮೂರನೇ ಒಂದು ಪಾಲಾದರೂ ಇರಲೇಬೇಕು. ಕಾಸು ಕೊಡಲಾಗದವರಿಗೆ ಊಟ ಇಲ್ಲ ಎನ್ನುವಂತಿಲ್ಲ. ಯಾವ ಹೋಟೆಲ್ ಈ ಷರತ್ತಿಗೆ ಒಪ್ಪೀತು?

ಇನ್ನು ಬಾಗಿಲ ಮಾತು. ಆ್ಯಪಿನ ಹುಡುಗ ಪೊಟ್ಟಣ ಇಟ್ಟು, ಫೋಟೊ ತೆಗೆದು ಹೊರಡುತ್ತಾನೆ. ಅವನಿಗೆ ಮುಂದಿನ ಆರ್ಡರಿನ ಅವಸರ, ತಪ್ಪು ಅವನದಲ್ಲ. ಸ್ವಯಂಸೇವಕಿ ಬೆಲ್ ಒತ್ತಿ ಕಾಯುತ್ತಾಳೆ. ಒಳಗಿನಿಂದ ವಾಕರ್ ಎಳೆದುಕೊಂಡು ಬರುವ ಸದ್ದು ಕೇಳಬೇಕು. ಕೈ ನಡುಗುವವರಿಗೆ ಡಬ್ಬಿಯ ಮುಚ್ಚಳ ತೆಗೆದುಕೊಡುತ್ತಾಳೆ. ನಿನ್ನೆಯ ಊಟ ಮುಟ್ಟದೆ ಹಾಗೇ ಇದ್ದರೆ ಯಾಕೆಂದು ವಿಚಾರಿಸುತ್ತಾಳೆ. ಬಾಗಿಲೇ ತೆರೆಯದಿದ್ದರೆ ಕಚೇರಿಗೆ ಫೋನ್ ಮಾಡುತ್ತಾಳೆ, ಕಚೇರಿಯವರು ಮನೆಯವರನ್ನು ಎಚ್ಚರಿಸುತ್ತಾರೆ. ಸ್ನಾನದ ಮನೆಯಲ್ಲಿ ಜಾರಿಬಿದ್ದ ಒಂಟಿ ಮುದುಕಿಯ ಪಾಲಿಗೆ ಖಾತೆಗೆ ಬಿದ್ದ ಹಣದಿಂದ ಏನು ಪ್ರಯೋಜನ?

ಸ್ವಯಂಸೇವಕರು ಸಾಲುತ್ತಿಲ್ಲ ಎಂಬ ಆ ಲೇಖಕರ ಮಾತು ನಿಜ, ಅದು ದೊಡ್ಡ ಕೊರತೆಯೇ. ಅದಕ್ಕೆ ಜನರನ್ನು ಸೇರಿಸಬೇಕೇ ಹೊರತು ಬಾಗಿಲು ತಟ್ಟುವುದನ್ನೇ ನಿಲ್ಲಿಸುವುದಲ್ಲ. ಅಮೆರಿಕದಲ್ಲಿರುವ ಕನ್ನಡ ಕೂಟಗಳ ಗೆಳೆಯರೇ, ನಿಮ್ಮೂರಿನ ಕೇಂದ್ರಕ್ಕೆ ವಾರಕ್ಕೊಂದು ಮಧ್ಯಾಹ್ನ ಕೊಡಿ.