ಕಡಲಬೇನೆಯೂ ಹಡಗಿನ ಗಾತ್ರವೂ

ತಲ್ಲೂರಿನಿಂದ ಗೃಹಸ್ಥರೊಬ್ಬರು ನಮಗೆ ಕಾಗದ ಬರೆದಿರುವರು. ಮುಂಬಯಿಯಲ್ಲಿ ಉದ್ಯೋಗದಲ್ಲಿರುವ ಅವರ ಮಗನು ತಂದೆತಾಯಿಗಳನ್ನು ಗೋವೆಗೂ ಲಕ್ಷದ್ವೀಪಕ್ಕೂ ಹೋಗುವ ವಿಹಾರನೌಕೆಯಲ್ಲಿ ಕರೆದುಕೊಂಡು ಹೋಗಬೇಕೆಂದು ಆಸೆಪಟ್ಟಿರುವನಂತೆ. ತಾಯಿಯವರಿಗೆ ಅರುವತ್ತೆಂಟು ವರ್ಷ, ಸಿಹಿಮೂತ್ರದ ಉಪದ್ರವವುಂಟು, ಬಾಳೆಬರೆ ಘಾಟಿಯನ್ನು ಬಸ್ಸಿನಲ್ಲಿ ಹತ್ತಿ ಮುಗಿಸುವುದರೊಳಗೆ ನಾಲ್ಕಾರು ಸಲ ಓಕರಿಕೆಯಾಗುವುದು. ಮಗನ ಆಸೆಯನ್ನು ಮುರಿಯಲು ಮನಸ್ಸಿಲ್ಲ, ಆಕೆಯನ್ನು ನಡುಗಡಲಲ್ಲಿ ಕಷ್ಟಕ್ಕೆ ಗುರಿಮಾಡಲು ಧೈರ್ಯವಿಲ್ಲ. ದೊಡ್ಡ ಹಡಗಿನಲ್ಲಿ ಕಡಲಬೇನೆಯೇ ಬಾರದೆಂದು ಮಗನು ಹೇಳುವುದು ನಿಜವೇ ಎಂದು ಅವರು ಕೇಳಿರುವರು. ಈ ಪ್ರಶ್ನೆಯು ಒಂದು ಮನೆಯದಲ್ಲ. ಇಂಥ ಪ್ರವಾಸಗಳು ಸುಲಭವಾಗಿರುವ ಈ ಕಾಲದಲ್ಲಿ ಅನೇಕ ಮನೆಗಳಲ್ಲಿ ಏಳತಕ್ಕದ್ದಾದುದರಿಂದ, ತುಸು ವಿಸ್ತಾರವಾಗಿಯೇ ಉತ್ತರವನ್ನು ಬರೆಯುತ್ತೇವೆ.

ಮೊದಲು, ಈ ಬೇನೆಯು ಹುಟ್ಟುವುದೆಲ್ಲಿ ಎಂಬುದನ್ನು ತಿಳಿಯಬೇಕು. ಹೊಟ್ಟೆಯಲ್ಲಿ ಎಂದು ನಮ್ಮಲ್ಲಿ ಅನೇಕರು ನಂಬಿರುವರು. ಪಿತ್ತ ಕೆರಳಿತೆಂದು ಹೇಳುವರು. ವಾಸ್ತವದಲ್ಲಿ ಅದರ ಮೂಲವು ಕಿವಿಯ ಒಳಗಿದೆ. ಒಳಗಿವಿಯಲ್ಲಿ ದ್ರವದಿಂದ ತುಂಬಿದ ಮೂರು ಅರ್ಧವೃತ್ತದ ನಾಳಗಳೂ ಸುಣ್ಣದ ಸೂಕ್ಷ್ಮ ಕಣಗಳನ್ನು ಹೊತ್ತ ಎರಡು ಪುಟ್ಟ ಚೀಲಗಳೂ ಇವೆ. ತಲೆಯು ತಿರುಗಿದುದನ್ನು ನಾಳಗಳು ಮಿದುಳಿಗೆ ತಿಳಿಸುವುವು; ದೇಹವು ಮೇಲಕ್ಕೆದ್ದುದನ್ನೂ ಕೆಳಕ್ಕಿಳಿದುದನ್ನೂ ಓರೆಯಾದುದನ್ನೂ ಆ ಚೀಲಗಳು ತಿಳಿಸುವುವು. ಹಡಗಿನ ಕೋಣೆಯಲ್ಲಿ ಕುಳಿತವನ ಕಣ್ಣಿಗೆ ಗೋಡೆ, ಮಂಚ, ದೀಪ ಎಲ್ಲವೂ ನಿಶ್ಚಲವಾಗಿ ತೋರುವುವು. ಕಿವಿಯಾದರೋ ಏಳುತ್ತಿರುವೆ, ಬೀಳುತ್ತಿರುವೆ ಎಂದು ಸಾರುತ್ತಿರುವುದು. ಇಬ್ಬರು ಸಾಕ್ಷಿಗಳು ಒಂದೇ ಸಂಗತಿಯನ್ನು ಎರಡು ಬಗೆಯಾಗಿ ನುಡಿದರೆ ನ್ಯಾಯಾಧಿಪತಿಯು ಗೊಂದಲಕ್ಕೀಡಾಗುವಂತೆ ಮಿದುಳು ಗೊಂದಲಕ್ಕೀಡಾಗುವುದು. ಆಕಳಿಕೆ, ತಣ್ಣನೆಯ ಬೆವರು, ಬಾಯಲ್ಲಿ ನೀರೂರುವುದು, ಮುಖ ಬಿಳಚುವುದು, ಕಡೆಗೆ ವಾಂತಿ, ಇವು ಆ ಗೊಂದಲದ ಫಲ. ಒಳಗಿವಿಯ ಈ ಅಂಗವು ಪೂರ್ಣವಾಗಿ ಕೆಟ್ಟಿರುವವರಿಗೆ ಎಂತಹ ಬಿರುಗಾಳಿಯಲ್ಲೂ ಕಡಲಬೇನೆ ಬಾರದೆಂಬುದು ಪರೀಕ್ಷೆಗಳಿಂದ ಸಿದ್ಧವಾಗಿದೆ.

ಆದುದರಿಂದ ಇದು ದೌರ್ಬಲ್ಯದ ಗುರುತಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಇಂಗ್ಲೆಂಡಿನ ನೌಕಾಸೇನಾನಿ ನೆಲ್ಸನ್ನನಿಗೆ ಜೀವಮಾನವೆಲ್ಲ ಈ ಪೀಡೆಯಿತ್ತು. 1831ರಿಂದ 1836ರ ವರೆಗೆ ಬೀಗಲ್ ಎಂಬ ಹಡಗಿನಲ್ಲಿ ಭೂಮಂಡಲವನ್ನು ಸುತ್ತಿಬಂದ ಡಾರ್ವಿನ್ ಪಂಡಿತನು ಐದು ವರ್ಷಗಳಾದರೂ ಅದರಿಂದ ಬಿಡುಗಡೆ ಹೊಂದಲಿಲ್ಲ. ಆ ಬೀಗಲ್ ಹಡಗು ಕೇವಲ 27 ಮೀಟರು ಉದ್ದದ್ದು. ಇಲ್ಲಿಂದ ನಮ್ಮ ವಾಚಕರ ಪ್ರಶ್ನೆಯ ತಿರುಳಿಗೆ ಬರುತ್ತೇವೆ.

ತಲ್ಲೂರಿನ ಸುತ್ತಿನವರಿಗೆ ನೀರು ಹೊಸದಲ್ಲ. ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುವ ಸೀಮೆಯದು. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿಯು ಎದುರಿಗೇ ಕಾಣುವುದು. ರಸ್ತೆ ಹಿಡಿದರೋ ತಲ್ಲೂರು, ಹೆಮ್ಮಾಡಿ, ತ್ರಾಸಿಗಳನ್ನು ಬಳಸಿ ಬಹುದೂರ ಹೋಗಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಹಿರಿಯರು ದೋಣಿಯಲ್ಲಿಯೇ ಹೊಳೆ ದಾಟುತ್ತಿದ್ದರು; ಹೊಳೆ ದಾಟುವಾಗ ಓಕರಿಸಿದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಅದೇ ದೋಣಿಯು ಅಳಿವೆಯನ್ನು ದಾಟಿ ಕಡಲಿಗೆ ಬಂದೊಡನೆ ಕತೆ ಬೇರೆಯಾಗುವುದು. ದೋಣಿಯ ಗಾತ್ರವು ಬದಲಾಗಲಿಲ್ಲ, ನೀರು ಬದಲಾಯಿತು. ಹೊಳೆಯಲ್ಲಿರುವುದು ಕಿರುದೆರೆ. ಅಳಿವೆಯಲ್ಲಿ, ಅದರಲ್ಲೂ ಇಳಿತದ ನೀರು ಹೊರಕ್ಕೆ ಹರಿಯುವಾಗ, ಒಳಬರುವ ತೆರೆಗಳು ಮರಳದಿಬ್ಬದ ಮೇಲೆ ಕಡಿದಾಗಿ ಎದ್ದು ಒಡೆಯುವುವು. ಆಚೆಯ ಕಡಲಿನಲ್ಲಿ ತೆರೆಯು ಒಡೆಯದೆ ಉದ್ದುದ್ದವಾಗಿ ಉಬ್ಬಿ ಇಳಿಯುವುದು. ಓಕರಿಕೆ ತರುವುದು ಬಹುಮಟ್ಟಿಗೆ ಈ ಉಬ್ಬಿಳಿತವೇ.

ಉಬ್ಬಿಳಿತಗಳಲ್ಲಿಯೂ ಎಲ್ಲವೂ ಸಮಾನವಲ್ಲ. ಸುಮಾರು ಐದು ಸೆಕೆಂಡಿಗೊಮ್ಮೆ ದೇಹವನ್ನು ಮೇಲೆತ್ತಿ ಕೆಳಗಿಳಿಸುವ ಚಲನೆಯೇ ಅತ್ಯಂತ ಪೀಡಾಕರವಾದುದೆಂದು ಶಾಸ್ತ್ರಜ್ಞರು 1970ರ ದಶಕದ ಪ್ರಯೋಗಗಳಿಂದ ಕಂಡುಕೊಂಡರು. ಸೆಕೆಂಡಿಗೊಂದು ಎರಡು ಸಲ ಕುಲುಕುವ ಎತ್ತಿನಗಾಡಿಯು ಮೈಯನ್ನು ನೋಯಿಸೀತು, ಹೊಟ್ಟೆಯನ್ನು ತೊಳಸದು. ಇಪ್ಪತ್ತು ಸೆಕೆಂಡಿಗೊಮ್ಮೆ ಮೆಲ್ಲನೆ ಏಳುವ ಚಲನೆಯು ಗಮನಕ್ಕೂ ಬಾರದು. ನಡುವಿನ ಚಲನೆಯಲ್ಲಿದೆ ಕೆಡುಕು. ಪಕ್ಕಕ್ಕೆ ವಾಲುವ ತೊನೆತಕ್ಕಿಂತಲೂ ಮುಂದಣ ತುದಿ ಏಳುತ್ತ ಹಿಂದಣ ತುದಿ ಬೀಳುವ ಏರಿಳಿತವೇ ಹೆಚ್ಚು ಕಷ್ಟಕರವಾದುದೆಂಬುದು ಇದರಿಂದಲೇ ಸ್ಪಷ್ಟ.

ಈಗ ಹಡಗಿನ ಉದ್ದವು ಏಕೆ ಮುಖ್ಯವೆಂಬುದನ್ನು ಲೆಕ್ಕದಿಂದ ತೋರಿಸಬಹುದು. ಆಳವಾದ ಕಡಲಿನಲ್ಲಿ ತೆರೆಯಿಂದ ತೆರೆಗೆ ಎಷ್ಟು ಸೆಕೆಂಡೋ ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಒಂದೂವರೆಯಿಂದ ಗುಣಿಸಿದರೆ, ಎರಡು ತೆರೆಗಳ ನಡುವಣ ದೂರವು ಹೆಚ್ಚುಕಡಮೆ ಮೀಟರುಗಳಲ್ಲಿ ದೊರೆಯುವುದು. ಐದು ಸೆಕೆಂಡಿನ ತೆರೆಗಳ ನಡುವೆ 40 ಮೀಟರಿನಷ್ಟು, ಎಂಟು ಸೆಕೆಂಡಿನವುಗಳ ನಡುವೆ 100 ಮೀಟರಿನಷ್ಟು, ಹನ್ನೆರಡು ಸೆಕೆಂಡಿನವುಗಳ ನಡುವೆ 220 ಮೀಟರಿಗೂ ಮೇಲೆ ಅಂತರವಿರುವುದು. ಹತ್ತು ಮೀಟರಿನ ದೋಣಿಯು ಇವೆಲ್ಲವುಗಳ ಮೇಲೂ ತೆಂಗಿನ ಚಿಪ್ಪಿನಂತೆ ಏರಿ ಇಳಿಯಲೇಬೇಕು. 2021ರಲ್ಲಿ ಮುಂಬಯಿಯಿಂದ ವಿಹಾರಯಾತ್ರೆಗಳನ್ನು ಆರಂಭಿಸಿದ ಎಂಪ್ರೆಸ್ ಎಂಬ ಹಡಗು ಸುಮಾರು 211 ಮೀಟರು ಉದ್ದದ್ದು. ಎಂಟು ಸೆಕೆಂಡಿನ ತೆರೆಗಳು ಬಂದರೆ ಅದು ಒಂದೇ ಕಾಲದಲ್ಲಿ ಎರಡು ತೆರೆಗಳ ಮೇಲೆ ಸೇತುವೆಯಂತೆ ಹಾಸಿ ನಿಲ್ಲುವುದು. ಒಂದು ತೆರೆಯು ಎತ್ತಿದುದನ್ನು ಮತ್ತೊಂದು ತಗ್ಗು ಸರಿದೂಗಿಸುವುದು. ಒಳಗಿನವರಿಗೆ ತೆರೆಯಿದೆಯೆಂಬುದೇ ತಿಳಿಯಲಿಕ್ಕಿಲ್ಲ. ಅದೇ ಹಡಗಿಗೆ ಹನ್ನೆರಡು ಸೆಕೆಂಡಿನ ದೊಡ್ಡ ತೆರೆಗಳು ಎದುರಾದರೆ ತೆರೆಯ ಅಂತರವೂ ಹಡಗಿನ ಉದ್ದವೂ ಸಮಸಮವಾಗಿ, ಅಷ್ಟು ದೊಡ್ಡ ಒಡಲೂ ತಲೆಯೆತ್ತಿ ತಲೆಬಾಗತೊಡಗುವುದು. 2024ರಲ್ಲಿ ಸಂಚಾರಕ್ಕೆ ಬಂದ ಐಕಾನ್ ಆಫ್ ದ ಸೀಸ್ ಎಂಬ 365 ಮೀಟರಿನ ಹಡಗೂ ಈ ನಿಯಮಕ್ಕೆ ಹೊರತಲ್ಲ. ಆದಕಾರಣ ದೊಡ್ಡ ಹಡಗಿನಲ್ಲಿ ಕಡಲಬೇನೆ ಕಡಮೆಯೆಂಬ ಮಾತು ಸತ್ಯ. ಬಾರದೇ ಇಲ್ಲವೆಂಬ ಮಾತು ಸತ್ಯವಲ್ಲ.

ದೊಡ್ಡ ಹಡಗುಗಳ ಒಡಲಿನಿಂದ ಇಕ್ಕೆಲಗಳಿಗೂ ಮೀನಿನ ರೆಕ್ಕೆಯಂತೆ ಚಾಚುವ ತಡೆಗಳಿರುವುವೆಂದೂ, ಅವುಗಳಿಂದ ಅಲುಗಾಟವೇ ಇಲ್ಲವೆಂದೂ ಜಾಹೀರಾತಿನವರು ಹೇಳುವುದುಂಟು. ಆ ರೆಕ್ಕೆಗಳು ಪಕ್ಕದ ವಾಲಾಟವನ್ನು ಬಹಳವಾಗಿ ತಗ್ಗಿಸುವುದು ನಿಜ. ಆದರೆ ಮುಂದುಹಿಂದಿನ ಏರಿಳಿತವನ್ನು ತಡೆಯವು. ಹಡಗು ಓಡುತ್ತಿರುವಾಗಲ್ಲದೆ ಲಂಗರು ಹಾಕಿ ನಿಂತಾಗ ಸಾಮಾನ್ಯವಾಗಿ ಪ್ರಯೋಜನಕ್ಕೆ ಬಾರವು.

ಹಡಗು ಹೋಗುವ ದಿಕ್ಕೂ ಲೆಕ್ಕಕ್ಕೆ ಬರುವುದು. ಗಂಟೆಗೆ 15 ನಾಟಿಕಲ್ ಮೈಲಿಯಂತೆ ಓಡುವ 60 ಮೀಟರಿನ ಚಿಕ್ಕ ಹಡಗನ್ನು ಭಾವಿಸೋಣ. ಎಂಟು ಸೆಕೆಂಡಿನ ತೆರೆಗಳಿಗೆ ಎದುರಾಗಿ ಓಡಿದರೆ ಅದು ಅವುಗಳನ್ನು ಐದೈದು ಸೆಕೆಂಡಿಗೊಮ್ಮೆ ಸಂಧಿಸುವುದು. ಪೀಡೆಯ ಸೆಕೆಂಡೇ ಅದು! ಅದೇ ತೆರೆಗಳನ್ನು ಬೆನ್ನಿಗಿಟ್ಟು ಓಡಿದರೆ ಇಪ್ಪತ್ತು ಸೆಕೆಂಡಿಗೊಮ್ಮೆ ಸಂಧಿಸುವುದು. ಬೇಸಗೆಯಲ್ಲಿ ನಮ್ಮ ಪಡುಗಡಲ ಮೇಲೆ ಮಧ್ಯಾಹ್ನದ ಗಾಳಿಯು ಹೆಚ್ಚಾಗಿ ವಾಯವ್ಯದಿಂದ ಬೀಸಿ ತೆರೆಗಳನ್ನೆಬ್ಬಿಸುವುದರಿಂದ, ಮುಂಬಯಿಯಿಂದ ತೆಂಕಣಕ್ಕೆ ಬರುವಾಗ ಸುಖವಾಗಿದ್ದವರಿಗೆ ಬಡಗಣಕ್ಕೆ ಮರಳುವಾಗ ತೊಂದರೆಯಾಗುವುದು ಅಸಂಭವವಲ್ಲ. ಹೋಗುವಾಗ ಏನೂ ಆಗಲಿಲ್ಲವೆಂದು ಔಷಧವನ್ನು ಎಸೆಯಬಾರದು.

ಎಲ್ಲಕ್ಕೂ ಮಿಗಿಲಾದುದು ಕಾಲ. ಜೂನಿನಿಂದ ಸೆಪ್ಟೆಂಬರಿನ ವರೆಗೆ ನೈಋತ್ಯದ ಮಾರುತವು ಅರಬೀ ಕಡಲನ್ನು ಕದಡಿ ಮನೆಯೆತ್ತರದ ತೆರೆಗಳನ್ನು ಕರಾವಳಿಗೆ ಅಟ್ಟುವುದು. ಶ್ರಾವಣದ ನೂಲಹುಣ್ಣಿಮೆಯಲ್ಲಿ ಸಮುದ್ರಪೂಜೆ ಮಾಡಿದ ಮೇಲೆಯೇ ಕಡಲಿಗಿಳಿಯಬೇಕೆಂಬ ನಮ್ಮ ಕರಾವಳಿಯ ಕಟ್ಟಳೆಯಲ್ಲಿ ಭಕ್ತಿಯೊಂದಿಗೆ ಅನುಭವವೂ ಅಡಕವಾಗಿದೆ. ಆ ಮೇಲೆಯೂ ಕಡಲು ತಣಿಯಲು ಕೆಲವು ವಾರಗಳು ಬೇಕು. ನವೆಂಬರಿನಿಂದ ಮಾರ್ಚಿಯ ವರೆಗಿನ ಕಾಲವು ಅಳುಕುವವರಿಗೆ ಅತ್ಯುತ್ತಮ. ಆಗಲೂ ಬೆಳಗಿನ ಕಡಲು ಮಧ್ಯಾಹ್ನದ ಕಡಲಿಗಿಂತ ಸೌಮ್ಯ. ಮಲ್ಪೆಯಿಂದ ಸಂತ ಮೇರಿ ದ್ವೀಪಕ್ಕೆ ಮಕ್ಕಳನ್ನು ದೋಣಿಯಲ್ಲಿ ಕರೆದೊಯ್ಯುವವರು ಇದೊಂದನ್ನು ನೆನಪಿಟ್ಟು ಬೆಳಿಗ್ಗೆಯೇ ಹೊರಟರೆ ಸಾಕು, ಅರ್ಧ ಕಷ್ಟವು ತಪ್ಪುವುದು.

ಇನ್ನು ಕೋಣೆಯ ವಿಚಾರ. ಮಕ್ಕಳು ಹಿರಿಯರ ಮೇಲಣ ಪ್ರೀತಿಯಿಂದ ಎಲ್ಲಕ್ಕೂ ಮೇಲಿನ ಅಂತಸ್ತಿನ, ಮುಂಭಾಗದ, ಹೆಚ್ಚು ಬೆಲೆಯ ಕೋಣೆಯನ್ನು ಗೊತ್ತುಮಾಡುವುದುಂಟು. ಕಡಲಬೇನೆಯವರಿಗೆ ಅದಕ್ಕಿಂತ ಕೆಟ್ಟ ಸ್ಥಳವಿಲ್ಲ. ತೂಗುಹಲಗೆಯ ತುದಿಯಲ್ಲಿ ಕುಳಿತ ಮಗು ಎಷ್ಟು ಎತ್ತರ ಏಳುವುದು, ನಡುವೆ ಕುಳಿತದ್ದು ಎಷ್ಟು ಏಳುವುದು ಎಂಬುದನ್ನು ನೆನೆಯಿರಿ. ಹಡಗಿನ ನಟ್ಟನಡುವೆ, ನೀರಿನ ಮಟ್ಟಕ್ಕೆ ಸಮೀಪದ ಕೆಳ ಅಂತಸ್ತಿನಲ್ಲಿ, ಸಾಧ್ಯವಾದರೆ ಹೊರಗೆ ದಿಗಂತ ಕಾಣುವ ಕಿಟಕಿಯುಳ್ಳ ಕೋಣೆಯೇ ಶ್ರೇಷ್ಠ. ಹೆಚ್ಚಿನ ಬೆಲೆಯು ನೋಟಕ್ಕೆ ಕೊಡುವುದು, ನೆಮ್ಮದಿಗೆ ಕೊಡುವುದಲ್ಲ.

ಮತ್ತೊಂದು ಎಚ್ಚರಿಕೆ. ಲಕ್ಷದ್ವೀಪದ ನೀರು ದಂಡೆಯ ಬಳಿ ಆಳವಿಲ್ಲದ್ದು. ದೊಡ್ಡ ಹಡಗು ಹೊರಗೆ ನಿಂತು ಯಾತ್ರಿಕರು ಚಿಕ್ಕ ದೋಣಿಗಿಳಿದು ದಡ ಸೇರಬೇಕಾಗುವುದು. ಹಿಂದೆ ಮುಂಬಯಿಯ ಉಗಿಹಡಗುಗಳು ನಮ್ಮ ಕರಾವಳಿಯಲ್ಲಿ ದೂರ ನಿಂತು, ಜನರು ದೋಣಿಗಳಲ್ಲಿ ಹೋಗಿ ಏರುತ್ತಿದ್ದಂತೆಯೇ ಇದು. ದೊಡ್ಡ ಹಡಗಿನಲ್ಲಿ ಎರಡು ದಿನ ಕ್ಷೇಮವಾಗಿದ್ದವರು ಆ ಅರ್ಧ ಗಂಟೆಯಲ್ಲಿ ಸೋಲುವುದುಂಟು. ವಯಸ್ಸಾದವರು ತೆರೆ ಹೆಚ್ಚಿದ್ದ ದಿನ ಇಳಿಯದೆ ಹಡಗಿನಲ್ಲಿಯೇ ಇದ್ದರೆ ನಷ್ಟವೇನೂ ಇಲ್ಲ.

ಯಾರಿಗೆ ಹೆಚ್ಚು ಬಾಧೆ? ಎರಡು ವರ್ಷದೊಳಗಿನ ಕೂಸುಗಳಿಗೆ ಅಪರೂಪ. ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅತ್ಯಧಿಕ. ಆಮೇಲೆ ವಯಸ್ಸಿನೊಡನೆ ಇಳಿಯುವುದು. ಪುರುಷರಿಗಿಂತ ಸ್ತ್ರೀಯರಿಗೂ, ಗರ್ಭಿಣಿಯರಿಗೂ, ಅರೆತಲೆನೋವಿನವರಿಗೂ ಹೆಚ್ಚು. ಬಸ್ಸಿನಲ್ಲಿ ಓಕರಿಸುವವರು ಹಡಗಿನಲ್ಲಿಯೂ ಓಕರಿಸುವ ಸಂಭವ ಹೆಚ್ಚೆಂಬುದನ್ನು ಮರೆಮಾಚಲಾರೆವು. ಆದರೆ ಘಾಟಿಯ ತಿರುವುಗಳು ಬೇರೆ, ಕಡಲಿನ ಏರಿಳಿತ ಬೇರೆ. ಶಾಂತ ಕಾಲದ ದೊಡ್ಡ ಹಡಗಿಗಿಂತ ಬಾಳೆಬರೆಯ ಬಸ್ಸೇ ಕಠಿನವಾದ ಪರೀಕ್ಷೆ. ಬೇನೆ ಬಂದರೂ ಬಹುಜನರಿಗೆ ಎರಡು ಮೂರು ದಿನಗಳಲ್ಲಿ ಒಗ್ಗಿಹೋಗುವುದು.

ಹೊರಡುವ ದಿನ ಬರಿಹೊಟ್ಟೆಯಲ್ಲಿರಬೇಕೆಂಬುದು ತಪ್ಪು ತಿಳಿವಳಿಕೆ. ಜಿಡ್ಡಿಲ್ಲದ, ಮಸಾಲೆಯಿಲ್ಲದ ಮಿತಾಹಾರವಿರಲಿ. ನಮ್ಮ ಕುಚ್ಚಲಕ್ಕಿಯ ಗಂಜಿ, ಅರಳು, ಒಣ ಅವಲಕ್ಕಿ ಉತ್ತಮವಾದುವು. ಶುಂಠಿಯ ಚೂರನ್ನು ಬಾಯಲ್ಲಿಟ್ಟುಕೊಳ್ಳುವ ಅಜ್ಜಿಯರ ಪದ್ಧತಿಯಿಂದ ಕೆಲವರಿಗೆ ಗುಣವುಂಟು; ಹಾನಿಯಂತೂ ಇಲ್ಲ. ತಲೆ ಭಾರವೆನಿಸಿದೊಡನೆ ಪುಸ್ತಕವನ್ನೂ ಕೈಫೋನನ್ನೂ ಬದಿಗಿಟ್ಟು ಹೊರಗೆ ಬಂದು ದಿಗಂತವನ್ನು ನೋಡಬೇಕು. ಆಗ ಕಣ್ಣು ಕಿವಿಗಳ ಸಾಕ್ಷ್ಯವು ಒಂದಾಗುವುದು. ಅದಾಗದಿದ್ದರೆ ಕಣ್ಣುಮುಚ್ಚಿ ಅಂಗಾತ ಮಲಗಬೇಕು. ಸುಳ್ಳು ಹೇಳುವ ಸಾಕ್ಷಿಯ ಬಾಯಿ ಮುಚ್ಚಿದಂತಾಯಿತು. ಅಡುಗೆಯ ವಾಸನೆ, ಎಣ್ಣೆಯ ವಾಸನೆಗಳಿಂದ ದೂರವಿರಬೇಕು.

ಗುಳಿಗೆಗಳೂ ಉಂಟು. ಅವನ್ನು ಹಡಗು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಓಕರಿಕೆ ತೊಡಗಿದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬಹುತೇಕ ಇವು ನಿದ್ದೆ ತರುವುವು. ಮುದುಕರು ಮೆಟ್ಟಲುಗಳಲ್ಲಿ ಜಾರಿ ಬೀಳದಂತೆ ನೋಡಿಕೊಳ್ಳಬೇಕು. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿಯನ್ನು ವಿದೇಶದಿಂದ ಬಂದ ನೆಂಟರು ಪ್ರೀತಿಯಿಂದ ಕೊಟ್ಟಾರು. ಕಣ್ಣಿನ ಒತ್ತಡದ ರೋಗವುಳ್ಳವರಿಗೂ ಮೂತ್ರಕಟ್ಟಿನವರಿಗೂ ಅದು ಅಪಾಯಕರ, ವೃದ್ಧರಲ್ಲಿ ಬುದ್ಧಿಭ್ರಮೆಯನ್ನೂ ತರಬಹುದು. ವೈದ್ಯರನ್ನು ಕೇಳದೆ ಮುಟ್ಟಬಾರದು.

ಸಿಹಿಮೂತ್ರದವರ ವಿಷಯವು ಇದೆಲ್ಲಕ್ಕಿಂತ ಮುಖ್ಯವಾದುದು. ಓಕರಿಕೆಗೆ ಅಂಜಿದಷ್ಟು ನಾವು ಅದರ ಪರಿಣಾಮಕ್ಕೆ ಅಂಜುವುದಿಲ್ಲ. ನಿತ್ಯದ ಔಷಧವನ್ನು ತೆಗೆದುಕೊಂಡು ಉಂಡದ್ದೆಲ್ಲ ಹೊರಗೆ ಹೋದರೆ ರಕ್ತದ ಸಕ್ಕರೆಯು ಒಮ್ಮೆಲೇ ಕುಸಿದು ಪ್ರಜ್ಞೆ ತಪ್ಪಬಹುದು. ಔಷಧವನ್ನು ತಾವೇ ನಿಲ್ಲಿಸಿದರೆ ಸಕ್ಕರೆಯು ಮಿತಿಮೀರಿ ಏರಬಹುದು. ಊಟ ನಿಲ್ಲದ ದಿನ ಔಷಧದ ಪ್ರಮಾಣವೆಷ್ಟೆಂಬುದನ್ನು ಊರಿನ ವೈದ್ಯರಿಂದ ಮುಂಚಿತವಾಗಿಯೇ ಬರೆಯಿಸಿಕೊಂಡು, ಸಕ್ಕರೆ ನೋಡುವ ಪುಟ್ಟ ಯಂತ್ರವನ್ನೂ ಜೀವಜಲದ ಪುಡಿಯನ್ನೂ ಕೈಚೀಲದಲ್ಲಿಡಬೇಕು. ನೀರೂ ನಿಲ್ಲದೆ ಹೋದರೆ, ಮೂತ್ರ ಕಡಮೆಯಾದರೆ, ಮಂಪರು ಕವಿದರೆ, ಕಡಲಬೇನೆಯಲ್ಲವೇ ಎಂದು ತಾಳಿಕೊಳ್ಳದೆ ಹಡಗಿನ ವೈದ್ಯರನ್ನು ಕರೆಯಬೇಕು. ದಡಕ್ಕೆ ಬಂದ ಮೇಲೆ ಒಂದೆರಡು ದಿನ ನೆಲವೇ ತೂಗಿದಂತಾಗುವುದು ಸಹಜ. ಅದಕ್ಕೆ ಗಾಬರಿ ಬೇಡ.

ಒಟ್ಟಿನಲ್ಲಿ ಹೇಳತಕ್ಕದ್ದಿಷ್ಟು. ಟಿಕೇಟು ಕೊಳ್ಳುವ ಮುನ್ನ ನಾಲ್ಕು ಸಂಗತಿಗಳನ್ನು ವಿಚಾರಿಸಿರಿ: ಹಡಗಿನ ಉದ್ದವೆಷ್ಟು, ತಿಂಗಳು ಯಾವುದು, ಕೋಣೆ ಎಲ್ಲಿದೆ, ಹಡಗಿನಲ್ಲಿ ವೈದ್ಯರಿದ್ದಾರೆಯೇ. ನಾಲ್ಕಕ್ಕೂ ಒಳ್ಳೆಯ ಉತ್ತರ ದೊರೆತು ಮನೆಯ ವೈದ್ಯರೂ ಒಪ್ಪಿದರೆ, ಹಿರಿಯರನ್ನು ಮೊದಲು ಎರಡು ರಾತ್ರಿಗಳ ಕಿರುಯಾತ್ರೆಗೆ ಕರೆದೊಯ್ಯುವುದು ಜಾಣತನ. ಯಾವುದೊಂದಕ್ಕೆ ಉತ್ತರ ಸರಿಯಿಲ್ಲವೋ ಆಗ ಯಾತ್ರೆಯನ್ನು ಕೈಬಿಡಬೇಕೆಂದಲ್ಲ, ಮುಂದಿನ ಸಮಯಕ್ಕೆ ಹಾಕಿದರಾಯಿತು. ಕಡಲು ಎಲ್ಲಿಗೂ ಹೋಗುವುದಿಲ್ಲ. ಇಂತಹ ಯಾತ್ರೆಯನ್ನು ಮುಗಿಸಿ ಬಂದ ವಾಚಕರು ತಮ್ಮ ಅನುಭವವನ್ನು ನಮಗೆ ಬರೆದು ತಿಳಿಸಿದರೆ ಇತರ ಗೃಹಸ್ಥರಿಗೂ ಉಪಕಾರವಾದೀತು.